ಒಪ್ಪಿಕೊಂಡ ತೋಳ, ಒಪ್ಪದ ಊರು

ದೆವ್ವದ ಸಿನಿಮಾ ಅಂದ ಕೂಡಲೇ ಮೂಗು ಮುರಿಯುವ ಪಂಡಿತರಿಗೆ ನಮ್ಮಲ್ಲಿ ಬರವಿಲ್ಲ. ಮುರಿದುಕೊಳ್ಳಲಿ ಬಿಡಿ. 1941ರ ಡಿಸೆಂಬರಿನಲ್ಲಿ ಅಮೆರಿಕದ ಯೂನಿವರ್ಸಲ್ ಕಂಪನಿ ಬಿಡುಗಡೆ ಮಾಡಿದ 70 ನಿಮಿಷದ ಕಪ್ಪು-ಬಿಳುಪು ಚಿತ್ರ 'ದಿ ವುಲ್ಫ್ ಮ್ಯಾನ್' ಇವತ್ತಿಗೂ ಸತ್ತಿಲ್ಲ. 2010ರಲ್ಲಿ ಬಣ್ಣದಲ್ಲಿ ತೆಗೆದರು, 2025ರಲ್ಲಿ ಇನ್ನೊಂದು ರೀತಿ ತೆಗೆದರು. ಆದರೂ ಜಾರ್ಜ್ ವ್ಯಾಗ್ನರ್ ನಿರ್ದೇಶಿಸಿದ ಹಳೆಯದಕ್ಕೇ ಜನ ಮರಳುತ್ತಾರೆ. ಮೇಕಪ್ಪಿನ ಜಾಕ್ ಪಿಯರ್ಸ್ ಗಂಟೆಗಟ್ಟಲೆ ಅಂಟಿಸಿದ ಕೂದಲೇ ಇದಕ್ಕೆ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಕೂದಲಿಗೆ ಹೆದರುವ ಕಾಲ ಎಂದೋ ಹೋಯಿತು.

ಕಥೆ ನಡೆಯೋದು ವೇಲ್ಸ್‌ನ ಒಂದು ಹಳ್ಳಿಯಲ್ಲಿ. ದೊಡ್ಡಮನೆಯ ಒಡೆಯ ಸರ್ ಜಾನ್ ಟಾಲ್ಬಟ್. ಹಿರಿಮಗ ಸತ್ತದ್ದರಿಂದ ಕಿರಿಮಗ ಲ್ಯಾರಿ 18 ವರ್ಷದ ಮೇಲೆ ಅಮೆರಿಕದಿಂದ ಬರುತ್ತಾನೆ. ಬಂದವನು ಮಾಡುವುದೇನು? ಅಪ್ಪ ನಕ್ಷತ್ರ ನೋಡುವ ದೂರದರ್ಶಕವನ್ನು ಊರ ಕಡೆ ತಿರುಗಿಸಿ ಅಂಗಡಿ ಹುಡುಗಿಯ ಕೋಣೆಯೊಳಗೆ ಇಣುಕುತ್ತಾನೆ! ಆ ಅಂಗಡಿಯಲ್ಲೇ ಬೆಳ್ಳಿಯ ತೋಳದ ತಲೆ ಇರುವ ಕೈಕೋಲು ಕೊಳ್ಳುತ್ತಾನೆ. ಅಂದು ರಾತ್ರಿ ರೋಮಾ ಅಲೆಮಾರಿಗಳ ಬಿಡಾರದ ಬಳಿ ತೋಳವೊಂದನ್ನು ಬಡಿದು ಕೊಲ್ಲುತ್ತಾನೆ, ಕಚ್ಚಿಸಿಕೊಳ್ಳುತ್ತಾನೆ. ಆಮೇಲೆ ಅಲ್ಲಿ ಸಿಗುವುದು ಕಣಿ ಹೇಳುವ ಬೇಲಾನ ಹೆಣ. ಪಕ್ಕದಲ್ಲಿ ದೊಡ್ಡಮನೆಯ ಕೋಲು. ಬಂಧಿಸಿದರಾ? ಇಲ್ಲ. ಪೊಲೀಸ್ ಅಧಿಕಾರಿ ಮನೆಯವರ ಸ್ನೇಹಿತ.

ಸತ್ತವರ ಲೆಕ್ಕ ಹಾಕಿ. ಹಳ್ಳಿಯ ಹುಡುಗಿ ಜೆನ್ನಿ, ಅಲೆಮಾರಿ ಬೇಲಾ, ಗೋರಿ ತೋಡುವ ರಿಚರ್ಡ್‌ಸನ್. ಗೋರಿ ತೋಡುವವನಿಗೆ ಅಳುವ ಮನೆ ಪರದೆಯ ಮೇಲೆ ಬರುವುದೇ ಇಲ್ಲ. ನಮ್ಮ ಕಣ್ಣೀರು ಮಾತ್ರ ಒಡೆಯನ ಮಗನಿಗೆ ಬೇಕು. ಇನ್ನೊಂದನ್ನೂ ಗಮನಿಸಿ: ಶಾಪ ಬರುವುದು ಅಲೆಮಾರಿಗಳ ಬಿಡಾರದಿಂದ. ದೊಡ್ಡಮನೆಯ ರಕ್ತ ಶುದ್ಧ, ಕೆಡಿಸಿದ್ದು ಹೊರಗಿನವರ ಹಲ್ಲು ಅಂತ! ಸುಮಾರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟ ಜನರ ಮಕ್ಕಳು ಈ ರೋಮಾಗಳು. ಚಿತ್ರ ಬಂದ ಹೊತ್ತಿನಲ್ಲೇ ಹಿಟ್ಲರನ ಪಡೆ ಯೂರೋಪಿನಲ್ಲಿ ಅವರನ್ನು ಕೊಲ್ಲುತ್ತಿತ್ತು. ಇದನ್ನು ಪ್ರಶ್ನಿಸದೆ ಚಿತ್ರವನ್ನು ಮೆಚ್ಚಬಾರದು.

ಆದರೆ ಬರೆದವನು ಯಾರು? ಕರ್ಟ್ ಸಿಯೋಡ್‌ಮ್ಯಾಕ್, 1933ರಲ್ಲಿ ಜರ್ಮನಿ ಬಿಟ್ಟ ಯಹೂದಿ. ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಂಡೇ ಬೀದಿಗಿಳಿಯಬೇಕು ಅಂತ ಜರ್ಮನಿಯಲ್ಲಿ ಆಜ್ಞೆಯಾದದ್ದು 1941ರ ಸೆಪ್ಟೆಂಬರಿನಲ್ಲಿ. ಅದೇ ವರ್ಷದ ಈ ಚಿತ್ರದಲ್ಲಿ ತೋಳಮನುಷ್ಯನಿಗೆ ತನ್ನ ಮುಂದಿನ ಬಲಿಯ ಅಂಗೈಯಲ್ಲಿ ನಕ್ಷತ್ರ ಕಾಣುತ್ತದೆ. ಅಲ್ಲಿ ಆರು ಮೂಲೆ, ಇಲ್ಲಿ ಐದು. ಮೂಲೆ ಎಣಿಸುತ್ತ ಕೂರುವುದು ಬೇಡ, ಗುರುತು ಬಿದ್ದವರ ಪಾಡು ಒಂದೇ. ಊರವರೆಲ್ಲ ಬಾಯಿಪಾಠ ಹೇಳುವ ಒಂದು ಪದ್ಯವೂ ಇದರಲ್ಲಿದೆ. ಪುರಾತನ ಜಾನಪದ ಅಂತ ಎಷ್ಟೋ ಜನ ನಂಬಿದರು. ಅದು ಸಿಯೋಡ್‌ಮ್ಯಾಕ್ ಚಿತ್ರಕ್ಕೆಂದೇ ಬರೆದದ್ದು! ಪುರಾತನ ಅಂತ ನಾವು ಕೈಮುಗಿಯುವ ಎಷ್ಟು ಮಾತುಗಳು ಹೀಗೆ ಹುಟ್ಟಿವೆಯೋ?

ಹಾಗಾದರೆ ಚಿತ್ರ ನಮ್ಮನ್ನು ಹಿಡಿಯುವುದೆಲ್ಲಿ? 1931ರ ಡ್ರಾಕುಲಾ ರಕ್ತ ಕುಡಿದು ಮರುಗುವುದಿಲ್ಲ. ಲ್ಯಾರಿ ಮರುಗುತ್ತಾನೆ. ಲಾನ್ ಚೇನಿ ಜೂನಿಯರನ ಆ ದೊಡ್ಡ ಮೈ ಅಪರಾಧದ ಭಾರಕ್ಕೆ ಕುಸಿಯುತ್ತದೆ. ಕೊಂದದ್ದು ನಾನೇ ಅನ್ನುತ್ತಾನೆ. ಕೇಳುವವರಿಲ್ಲ! ಓದಿದ ಅಪ್ಪ, ಡಾಕ್ಟರು, ಎಲ್ಲರೂ ಅದು ಮನಸ್ಸಿನ ಕಾಯಿಲೆ ಅನ್ನುವವರೇ. ಅಪ್ಪನಿಗೆ ಮನೆತನದ ಹೆಸರಿನ ಚಿಂತೆ. ಚರ್ಚಿನೊಳಗೆ ಹೋದರೆ ಇಡೀ ಸಭೆ ತಿರುಗಿ ದುರುಗುಟ್ಟುತ್ತದೆ. ದೂರದರ್ಶಕದಲ್ಲಿ ಊರನ್ನು ಇಣುಕಿದವನನ್ನು ಊರು ತಿರುಗಿ ನೋಡುತ್ತದೆ. ಕೂರಲಾರದೆ ಹೊರಗೆ ಬರುತ್ತಾನೆ. ಅಂಥ ನೋಟ ಹೇಗಿರುತ್ತದೆ ಅಂತ ಈ ಪತ್ರಿಕೆ ಓದುವವರಿಗೆ ನಾನು ವಿವರಿಸಬೇಕಿಲ್ಲ.

ಅವನನ್ನು ನಂಬುವವಳು ಬೇಲಾನ ತಾಯಿ ಮಲೇವಾ, ಆ ಅಲೆಮಾರಿ ಮುದುಕಿ. ಮರಿಯಾ ಉಸ್ಪೆನ್‌ಸ್ಕಾಯಾ ಆ ಪಾತ್ರಕ್ಕೆ ಜೀವ ಕೊಟ್ಟಿದ್ದಾಳೆ. ಮಗನ ಹೆಣದ ಮುಂದೆ ಹೇಳಿದ ವಿದಾಯದ ಮಾತನ್ನೇ ಮಗನನ್ನು ಕೊಂದವನ ಹೆಣಕ್ಕೂ ಹೇಳುತ್ತಾಳೆ. ಇಂಥ ದೊಡ್ಡತನ ದೊಡ್ಡಮನೆಯಲ್ಲಿ ಯಾರಿಗೂ ಇಲ್ಲ.

ಕೊನೆಗೆ ಅಪ್ಪನೇ ಆ ತೋಳವನ್ನು ಬಡಿಯುತ್ತಾನೆ, ಮಗ ಬೇಡಿಕೊಂಡು ಕೈಗಿತ್ತ ಬೆಳ್ಳಿಕೋಲಿನಿಂದಲೇ. ತೋಳದ ಮುಖ ಮಗನ ಮುಖವಾಗುತ್ತದೆ. ಅಷ್ಟರಲ್ಲಿ ಬಂದ ಪೊಲೀಸ್ ಅಧಿಕಾರಿ, ಹುಡುಗಿಯ ಮೇಲೆ ತೋಳ ಬಿದ್ದಿರಬೇಕು, ಲ್ಯಾರಿ ಕಾಪಾಡಲು ಬಂದಿರಬೇಕು ಅಂತ ತೀರ್ಮಾನಿಸುತ್ತಾನೆ. ಕಡತ ಮುಚ್ಚಿತು! ತಪ್ಪೊಪ್ಪಿಕೊಳ್ಳಲು ಒದ್ದಾಡಿದವನನ್ನು ಸತ್ತ ಮೇಲೆ ವೀರನನ್ನಾಗಿ ಮಾಡಿದರು. ಎಂಬತ್ತು ವರ್ಷ ದಾಟಿದರೂ ಈ ಚಿತ್ರ ನಮ್ಮನ್ನು ಬಿಡದಿರುವುದು ಈ ಸುಳ್ಳಿನಿಂದ.

ಗೆಳೆಯರೇ, ಚಿತ್ರ ಸಿಕ್ಕರೆ ನೋಡಿ. ತೋಳ ಸಾಯುವಲ್ಲಿಗೇ ಎದ್ದು ಹೋಗಬೇಡಿ. ಆ ಅಧಿಕಾರಿಯ ಮಾತು ಮುಗಿಯುವ ತನಕ ಕೂತು ಕೇಳಿ. ಆಮೇಲೆ, ಗೋರಿ ತೋಡುವವನನ್ನು ಕೊಂದವರು ಯಾರು ಅಂತ ಆ ಕಡತದಲ್ಲಿ ಏನು ಬರೆದುಕೊಂಡಿದ್ದಾರು ಅಂತ ಯೋಚಿಸಿ.