ಚಳಿಗಾಲದ ಆಕಾಶದಲ್ಲಿ ಮುಂಗಾರಿನ ಮಳೆಗಳು

ಎಳ್ಳ ಅಮಾಸಿಯ ದಿನ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ ಪಲ್ಯ ಬುಟ್ಟಿಯಲ್ಲಿ ಹೊತ್ತು ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಗಿಡದ ನೆರಳಲ್ಲಿ ಉಂಡು, ಹೊತ್ತು ಮುಳುಗುವ ಮುಂಚೆ ಚಕ್ಕಡಿ, ಟ್ರ್ಯಾಕ್ಟರ್ ಏರಿ ಮನೆಗೆ ಮರಳುತ್ತಾರೆ. ಚಿಕ್ಕಿ ನೋಡುವುದನ್ನು ಕಲಿಯಬೇಕೆಂದಿರುವವರು ಅಂದು ಮರಳಬಾರದು, ಇನ್ನೆರಡು ತಾಸು ಬದುವಿನ ಮೇಲೇ ಕೂಡಬೇಕು. ಚಂದ್ರನಿಲ್ಲದ, ಮೋಡವಿಲ್ಲದ, ಬೇಗ ಕತ್ತಲಾಗುವ ರಾತ್ರಿ ಅದು. ನೋಡುವವರಿಗೆಂದೇ ಪಂಚಾಂಗ ಎತ್ತಿಟ್ಟ ರಾತ್ರಿ ಎಂದು ನನಗೆ ಅನಿಸುತ್ತದೆ.

ಮೊದಲು ಕಣ್ಣನ್ನು ಹದ ಮಾಡಿಕೊಳ್ಳಬೇಕು. ಕತ್ತಲಿಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು. ನಡುವೆ ಒಮ್ಮೆ ಮೊಬೈಲ್ ತೆಗೆದರೆ ಲೆಕ್ಕ ಮತ್ತೆ ಮೊದಲಿನಿಂದ. ನಕ್ಷತ್ರದ ಹೆಸರು ಹೇಳುವ ಆ್ಯಪ್ ಮೊದಲ ರಾತ್ರಿಗೆ ಬೇಡವೇ ಬೇಡ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಗಳ ದೀಪ ದಿಗಂತವನ್ನು ಬೆಳಗಿಸುವುದರಿಂದ ಅವುಗಳಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ.

ಡಿಸೆಂಬರ್ ಕೊನೆಯ ವಾರ, ಸಂಜೆ ಏಳೂವರೆ. ಪೂರ್ವಕ್ಕೆ ಮುಖ ಮಾಡಿದರೆ ಒಂದರ ಮೇಲೊಂದು ಪೇರಿಸಿಟ್ಟಂತೆ ಒಂದೇ ಸಾಲಿನಲ್ಲಿ ಮೂರು ಚಿಕ್ಕಿ ಕಾಣುತ್ತವೆ. ಇಡೀ ಚಳಿಗಾಲದ ಆಕಾಶಕ್ಕೆ ಆ ಮೂರೇ ಕೀಲಿಕೈ. ಅವುಗಳ ಎಡಕ್ಕೆ ಕೆಂಪಗಿರುವುದು ಆರಿದ್ರಾ. ಅದಕ್ಕೂ ತುಸು ಎಡಕ್ಕೆ, ಮೇಲೆ, ಮೂರು ಸಣ್ಣ ಚಿಕ್ಕಿಗಳ ಗುಂಪೇ ಮೃಗಶಿರ, ನಮ್ಮ ರೈತರ ಮಿರಗ. ಮೂರರ ಸಾಲನ್ನು ಮೇಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಗೊಂಚಲು. ಕೆಳಕ್ಕೆ ಎಳೆದರೆ ಆಗಷ್ಟೇ ಮೂಡುತ್ತಿರುವ ಲುಬ್ಧಕ, ರಾತ್ರಿಯ ಚಿಕ್ಕಿಗಳಲ್ಲೆಲ್ಲ ಹೆಚ್ಚು ಪ್ರಕಾಶದ್ದು. ರೋಹಿಣಿಯ ಬೆನ್ನು ಹತ್ತಿದ ಜಿಂಕೆಗೆ ಬೇಟೆಗಾರ ಬಾಣ ಬಿಟ್ಟ ಐತರೇಯ ಬ್ರಾಹ್ಮಣದ ಕಥೆ ಇಲ್ಲಿ ಹಾಗೇ ನಿಂತಿದೆ. ಆ ಮೂರು ಚಿಕ್ಕಿಗಳೇ ಬಾಣ.

ಈ ಹೆಸರುಗಳನ್ನು ಮತ್ತೊಮ್ಮೆ ಓದಿ. ರೋಹಿಣಿ, ಮಿರಗ, ಆರಿದ್ರಾ, ಜೊತೆಗೆ ಇವುಗಳ ನಂತರದ ಪುನರ್ವಸು. ಇವು ನಮ್ಮ ಮುಂಗಾರಿನ ಮಳೆಗಳು! ರೋಹಿಣಿ ಮಳೆಗೆ ಓಣಿ ತುಂಬ ಜೋಳ ಎನ್ನುವ ಅಜ್ಜನಿಗೆ ಯಾವ ಮಳೆ ಎಂದು ಕೂಡುತ್ತದೆ ಎಂಬುದು ಬಾಯಿಪಾಠ. ಆದರೆ ಅದೇ ರೋಹಿಣಿ ತಲೆಯ ಮೇಲಿದ್ದಾಗ ತೋರಿಸುವವರು ಕಡಿಮೆಯಾಗಿದ್ದಾರೆ. ಇದಕ್ಕೆ ಕಾರಣವೂ ಇದೆ. ಮಿರಗ ಕೂಡಿತು ಎಂದರೆ ಜೂನ್ 7-8ರ ಹೊತ್ತಿಗೆ ಸೂರ್ಯ ಆ ನಕ್ಷತ್ರದ ದಿಕ್ಕಿಗೆ ಬಂದ ಎಂದರ್ಥ. ಆಗ ಆ ಚಿಕ್ಕಿಗಳು ಹಗಲಿನಲ್ಲಿ ಸೂರ್ಯನ ಜೊತೆಗೇ ಇದ್ದು ಕಾಣುವುದಿಲ್ಲ. ಆರು ತಿಂಗಳಲ್ಲಿ ಭೂಮಿ ಸೂರ್ಯನ ಆಚೆ ಬದಿಗೆ ಹೋದಾಗ ಅವೇ ಚಿಕ್ಕಿಗಳು ಸೂರ್ಯನಿಗೆ ಎದುರಾಗಿ, ಸಂಜೆ ಮೂಡಿ ಮಧ್ಯರಾತ್ರಿಗೆ ನೆತ್ತಿಗೆ ಬರುತ್ತವೆ. ಬಿತ್ತನೆಯ ಕಾಲದಲ್ಲಿ ಬರೀ ಹೆಸರಾಗಿದ್ದವು ಚರಗದ ರಾತ್ರಿ ಮುಖ ತೋರಿಸುತ್ತವೆ. ಈ ಭಾಗದವರು ಚಳಿಗಾಲದ ಆಕಾಶಕ್ಕೆ ಹೊಸಬರೇ ಅಲ್ಲ. ಹೆಸರು ಗೊತ್ತಿದೆ, ಮುಖ ಗುರುತಿಸಿಕೊಂಡರೆ ಆಯಿತು.

ಇನ್ನು ಬಣ್ಣ. ಎಡಗಡೆಯ ಆರಿದ್ರಾವನ್ನೂ ಬಾಣದ ಬಲಗಡೆ ಅಷ್ಟೇ ದೂರದಲ್ಲಿರುವ ರೈಜೆಲ್ ಚಿಕ್ಕಿಯನ್ನೂ ಒಂದಾದ ಮೇಲೊಂದು ನೋಡಿ. ಒಂದು ಕೆಂಡದ ಹಾಗೆ, ಇನ್ನೊಂದು ನೀಲಿ ಬಿಳುಪು. ಕಂಬಾರರ ಕುಲುಮೆಯಲ್ಲಿ ಕುಡುಗೋಲು ಮೊದಲು ಕೆಂಪಾಗುತ್ತದೆ, ತಿದಿ ಇನ್ನೂ ಒತ್ತಿದರೆ ಬೆಳ್ಳಗಾಗುತ್ತದೆ. ಚಿಕ್ಕಿಗಳದೂ ಅದೇ ಲೆಕ್ಕ. ಆರಿದ್ರಾದ ಮೇಲ್ಮೈ ಸುಮಾರು 3,500 ಡಿಗ್ರಿ, ರೈಜೆಲ್‌ನದು ಸುಮಾರು 12,000. ಆರಿದ್ರಾ ಮುಪ್ಪಿನ ಚಿಕ್ಕಿ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಬರಿಗಣ್ಣಿಗೆ ಗೊತ್ತಾಗುವಷ್ಟು ಮಂಕಾಗಿತ್ತು. ತಾನೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅದರ ಮುಖಕ್ಕೆ ಅಡ್ಡ ಬಂದಿತ್ತು.

ಲುಬ್ಧಕನಿಗೆ ಪೂರ್ತಿ ಕಾಲು ಗಂಟೆ ಕೊಡಿ. ಕಬ್ಬಿನ ಸುಳಿಗಳ ಮೇಲೆ ಅದು ಮೂಡುವಾಗ ಕೆಂಪು, ಹಸಿರು, ನೀಲಿಯಾಗಿ ಮಿನುಗುವುದನ್ನು ಕಂಡು ನಮ್ಮ ಮನೆಯ ಹುಡುಗನೊಬ್ಬ, “ಅಜ್ಜಾ, ಅದು ಡ್ರೋನ್ ಐತೇನು?” ಎಂದು ಕೇಳಿದ್ದ. ಬಣ್ಣ ಲುಬ್ಧಕನದಲ್ಲ, ನಮ್ಮ ಗಾಳಿಯದು. ದಿಗಂತದ ಬಳಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ತಂಪು ಬಿಸಿ ಪದರಗಳು ಆ ಒಂದು ಎಳೆ ಬೆಳಕನ್ನು ಅಲುಗಿಸಿ ಬಣ್ಣ ಬಣ್ಣವಾಗಿ ಬಿಡಿಸುತ್ತವೆ. ರಾತ್ರಿ ಹತ್ತರ ಹೊತ್ತಿಗೆ ಅದು ಮೇಲೇರಿದಂತೆ ಬಣ್ಣಗಳು ಅಡಗಿ ಬೆಳ್ಳಗೆ ನಿಲ್ಲುತ್ತದೆ. 8.6 ಜ್ಯೋತಿರ್ವರ್ಷ ದೂರದಿಂದ ಹೊರಟು ಬಂದ ಬೆಳಕು ಅದು, ನಮಗೆ ಬಲು ಹತ್ತಿರದ ನೆರೆಯವನು.

ಮಿನುಗದೆ ದೀಪದ ಹಾಗೆ ಸ್ಥಿರವಾಗಿ ಉರಿಯುವುದು ಗ್ರಹ. ಚಿಕ್ಕಿ ಚುಕ್ಕೆಯಂತಿದ್ದರೆ ಗ್ರಹಕ್ಕೆ ಸಣ್ಣದೊಂದು ತಟ್ಟೆಯ ಅಗಲವಿದೆ, ಗಾಳಿ ಅದನ್ನು ಅಷ್ಟಾಗಿ ಅಲುಗಿಸಲಾರದು. ಬೆಳ್ಳಿ ಸೂರ್ಯನಿಂದ 47 ಡಿಗ್ರಿಗಿಂತ ಆಚೆ ಹೋಗುವುದಿಲ್ಲ. ಸಂಜೆ ಪಡುವಣದಲ್ಲಿ ಇಲ್ಲವೇ ಬೆಳಗಿನ ಜಾವ ಮೂಡಣದಲ್ಲಿ ಮಾತ್ರ ಕಾಣುತ್ತದೆ. ನಡುರಾತ್ರಿ ನೆತ್ತಿಯ ಮೇಲೆ ಬೆಳಗುತ್ತಿದ್ದರೆ ಅದು ಬೆಳ್ಳಿಯಲ್ಲ, ಬಹುಮಟ್ಟಿಗೆ ಗುರು. 2024ರ ಡಿಸೆಂಬರ್‌ನಲ್ಲಿ ರೋಹಿಣಿಯ ಬಳಿ ಇದ್ದ ಗುರು 2026ರ ಜನವರಿಗೆ ಪುನರ್ವಸುವಿನ ಪಕ್ಕಕ್ಕೆ ಬಂದಿತ್ತು. 2026ರ ಜನವರಿ 3ರ ಬನದ ಹುಣ್ಣಿಮೆಯಂದು ಚಂದ್ರನ ಬಗಲಲ್ಲೇ ಇತ್ತು.

ಕ್ರಿಸ್‌ಮಸ್‌ಗೆ ಮನೆಗಳ ಮುಂದೆ ತೂಗುವ ಕಾಗದದ ನಕ್ಷತ್ರದ ಹಿಂದೆಯೂ ಇಂಥದೇ ಪ್ರಶ್ನೆಯಿದೆ. ಬೆತ್ಲೆಹೇಮಿನ ಆ ಬೆಳಕು ಯಾವುದು? ಕ್ರಿ.ಪೂ. 7ರಲ್ಲಿ ಗುರು, ಶನಿ ಮೂರು ಬಾರಿ ಹತ್ತಿರ ಬಂದದ್ದನ್ನು ಕೆಪ್ಲರ್ ಲೆಕ್ಕ ಹಾಕಿ ತೋರಿಸಿದ. ಕ್ರಿ.ಪೂ. 5ರಲ್ಲಿ ಕಂಡ ಹೊಸ ಬೆಳಕೊಂದನ್ನು ಚೀನೀಯರು ಬರೆದಿಟ್ಟಿದ್ದಾರೆ. ವಾದ ಇನ್ನೂ ಮುಗಿದಿಲ್ಲ. 2020ರ ಡಿಸೆಂಬರ್ 21ರ ಸಂಜೆ ಗುರು, ಶನಿಗಳ ನಡುವೆ ಡಿಗ್ರಿಯ ಹತ್ತನೇ ಒಂದು ಭಾಗದಷ್ಟೇ ಅಂತರವಿತ್ತು. ಅವೆರಡನ್ನೂ ಪಡುವಣದಲ್ಲಿ ಒಟ್ಟಿಗೆ ಕಂಡವರಿಗೆ ಆ ಕಥೆ ಹೇಗೆ ಹುಟ್ಟಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಹುಣ್ಣಿಮೆಯಲ್ಲಿ ಸಣ್ಣ ಚಿಕ್ಕಿಗಳು ಮುಳುಗಿಹೋಗುತ್ತವೆ, ಆದರೆ ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನಿಗೆ ಹೊರಟವರು ನಡುರಾತ್ರಿ ತಮ್ಮ ನೆರಳು ನೋಡಿಕೊಳ್ಳಲಿ. ಕಾಲಡಿಯಲ್ಲೇ ಮುದುಡಿಕೊಂಡಿರುತ್ತದೆ. ಚಳಿಗಾಲದ ಪೂರ್ಣಚಂದ್ರ ಬೇಸಿಗೆಯ ಸೂರ್ಯನ ಹಾದಿಯಲ್ಲಿ ನಡೆಯುತ್ತಾನೆ.

ಇಷ್ಟು ರೂಢಿಯಾದ ಮೇಲೆ ಹಿಡಕಲ್ ಹಿನ್ನೀರಿನ ಉತ್ತರ ದಂಡೆಗೆ ಹೋಗಿ. ಜನವರಿ ಮಧ್ಯದಲ್ಲಿ, ಸಂಕ್ರಾಂತಿಯ ಆಸುಪಾಸು, ರಾತ್ರಿ ಹನ್ನೊಂದರ ಹೊತ್ತು. ಕೈ ಮುಂದೆ ಚಾಚಿ, ಮುಷ್ಟಿ ಕಟ್ಟಿ, ದಕ್ಷಿಣ ದಿಗಂತದಿಂದ ಒಂದರ ಮೇಲೊಂದರಂತೆ ಎರಡು ಮುಷ್ಟಿ ಅಳೆಯಿರಿ. ಅಲ್ಲಿ ಒಂಟಿಯಾಗಿ ಬೆಳಗುವುದು ಅಗಸ್ತ್ಯ, ಲುಬ್ಧಕನ ನಂತರ ಎರಡನೆಯ ಸ್ಥಾನದ್ದು. ದೆಹಲಿಯವರಿಗೆ ನೆಲಕ್ಕೆ ತಾಗಿದಂತೆ ಕಾಣುವ, ಲಂಡನ್ನಿನವರಿಗೆ ಎಂದೂ ಕಾಣದ ಆ ಚಿಕ್ಕಿ ಹುಕ್ಕೇರಿಯವರಿಗೆ ಚಳಿಗಾಲವಿಡೀ ಸಿಗುತ್ತದೆ. ಹೋಗುವಾಗ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ, ಮಿರಗ ಯಾವುದೆಂದು ಅವರಿಂದಲೇ ಕೇಳಿ. ಗೊತ್ತಿಲ್ಲವೆಂದರೆ ನೀವೇ ತೋರಿಸಿ.