ಎರಡು ಭಾಷೆ, ಒಂದು ಸಹಿ

ಫೆಬ್ರವರಿ 6 ನ್ಯೂಜಿಲೆಂಡಿನ ರಾಷ್ಟ್ರೀಯ ದಿನ. ಊರಿನಲ್ಲಿರುವ ನಿಮಗೆ ಅದು ಕ್ಯಾಲೆಂಡರಿನ ಬರೀ ಒಂದು ತಾರೀಕು. ಮುಂಬಯಿಯಲ್ಲಿ ಮೂವತ್ತು ವರುಷಗಳಿಂದ ನಮ್ಮವರ ಕಾಗದಪತ್ರಗಳನ್ನು ಕನ್ನಡದಲ್ಲಿ ಓದಿ ಹೇಳುತ್ತ ಬಂದ ನನಗೆ ಹಾಗಲ್ಲ. ಆ ದಿನದ ಹಿಂದಿರುವ ವೈತಾಂಗಿ ಒಪ್ಪಂದವನ್ನು ನಾನು ಒಂದು ಅನುವಾದವೆಂದೇ ಓದುತ್ತೇನೆ.

1840ರಲ್ಲಿ ಬ್ರಿಟಿಷ್ ರಾಣಿಯ ಪರವಾಗಿ ಬಂದ ವಿಲಿಯಂ ಹಾಬ್ಸನ್ ಇಂಗ್ಲಿಷ್ ಕರಡನ್ನು ಮಿಷನರಿ ಹೆನ್ರಿ ವಿಲಿಯಮ್ಸ್ ಕೈಗಿತ್ತ. ವಿಲಿಯಮ್ಸ್ ಮತ್ತು ಅವನ ಮಗ ಎಡ್ವರ್ಡ್ ಒಂದೇ ರಾತ್ರಿಯಲ್ಲಿ ಅದನ್ನು ಮಾವೊರಿ ಭಾಷೆಗೆ ತಂದರು. ಇಂಗ್ಲಿಷಿನ ಮೊದಲ ಕಲಮಿನಲ್ಲಿ ಮುಖಂಡರು ತಮ್ಮ ಸಾರ್ವಭೌಮತ್ವವನ್ನು ರಾಣಿಗೆ ಬಿಟ್ಟುಕೊಡುತ್ತಾರೆ. ಮಾವೊರಿಯಲ್ಲಿ ಬಿಟ್ಟುಕೊಡುವುದು ‘ಕಾವನತಾಂಗ’. ‘ಗವರ್ನರ್’ ಎಂಬುದನ್ನೇ ಮಾವೊರಿ ನಾಲಿಗೆಗೆ ಒಗ್ಗಿಸಿ ಮಾಡಿದ ಪದವದು. ಆಡಳಿತ ನೋಡಿಕೊಳ್ಳುವುದು ಎಂಬಷ್ಟು ಅರ್ಥ. ಎರಡನೆಯ ಕಲಮಿನಲ್ಲಿ ಇಂಗ್ಲಿಷು ಜಮೀನು, ಕಾಡು, ಮೀನುಗಾರಿಕೆಯ ಸ್ವಾಧೀನವನ್ನು ಉಳಿಸಿಕೊಡುತ್ತದೆ. ಮಾವೊರಿ ‘ತಿನೊ ರಂಗತಿರತಾಂಗ’ವನ್ನೇ ಉಳಿಸುತ್ತದೆ, ಅಂದರೆ ಮುಖಂಡರ ಪೂರ್ಣ ಯಜಮಾನಿಕೆ. ಯಜಮಾನಿಕೆ ನಿಮ್ಮದೇ, ನೋಡಿಕೊಳ್ಳುವುದು ಮಾತ್ರ ನಮ್ಮದು ಅಂದರೆ ಬೇಡ ಅನ್ನುವವರು ಯಾರು? 500ಕ್ಕೂ ಹೆಚ್ಚು ಮುಖಂಡರು ಸಹಿ ಹಾಕಿದರು. ಇಂಗ್ಲಿಷ್ ಪ್ರತಿಗೆ ಹಾಕಿದವರು 39 ಮಂದಿ ಮಾತ್ರ.

ವಿಲಿಯಮ್ಸ್‌ಗೆ ಸರಿಯಾದ ಪದ ಗೊತ್ತಿರಲಿಲ್ಲವೇ? 1835ರ ಸ್ವಾತಂತ್ರ್ಯ ಘೋಷಣೆಯ ಮಾವೊರಿ ಪಠ್ಯದಲ್ಲೂ ಅವನ ಕೈಯಿತ್ತು. ಅಲ್ಲಿ ನೆಲದ ಮೇಲಿನ ಅಧಿಕಾರಕ್ಕೆ ‘ಮನ’ ಎಂಬ ಪದವಿದೆ. ಮನವನ್ನು ಬಿಟ್ಟುಕೊಡಿ ಎಂದು ಬರೆದಿದ್ದರೆ ಎಷ್ಟು ಸಹಿ ಬೀಳುತ್ತಿತ್ತೋ! ಒಪ್ಪಂದದಿಂದ ಮಾವೊರಿಗಳಿಗೆ ರಕ್ಷಣೆ ಸಿಗುತ್ತದೆಂದು ಅವನು ನಂಬಿದ್ದ. ಅವನ ಉದ್ದೇಶ ಒಳ್ಳೆಯದೇ ಇರಬಹುದು. ನನಗೆ ಹೆದರಿಕೆಯಾಗುವುದು ಅಲ್ಲಿಯೇ.

ಯಾಕೆಂದರೆ ನಾನೂ ಆ ಕೆಲಸ ಮಾಡಿದ್ದೇನೆ. ನಮ್ಮ ಮಾವ ಇದ್ದ ಚಾಳನ್ನು ಕೆಡವಿ ಕಟ್ಟುತ್ತೇವೆಂದು ಒಬ್ಬ ಬಿಲ್ಡರ್ ಬಂದಾಗ, ಕಾಗದ ಹಿಡಿದುಕೊಂಡು ಮಾವ ನನ್ನ ಹತ್ತಿರ ಬಂದರು. “ಇದ್ರಲ್ಲಿ ಎಂತ ಬರೆದಿದ್ದಾರೆ ಮಾರಾಯ?” ಹಕ್ಕು ಬಿಟ್ಟುಕೊಡುವುದು ಎಂದು ಬರೆದಿತ್ತು. ವಯಸ್ಸಾದ ಜೀವ, ಹೆದರಿಸುವುದು ಬೇಡ ಅನ್ನಿಸಿತು. “ಸ್ವಲ್ಪ ಸಮಯ ಖಾಲಿ ಮಾಡಿ ಕೊಡ್ಬೇಕಂತೆ ಮಾವ,” ಅಂದೆ. ಅವರು ಸಹಿ ಹಾಕಿದರು. ಆ ಖೋಲಿ ಅವರಿಗೆ ಮತ್ತೆ ಸಿಗಲಿಲ್ಲ.

ಮಾವೊರಿಗಳು ಕಳೆದುಕೊಂಡದ್ದು ಒಂದು ದೇಶದ ನೆಲ. 1863ರ ಕಾನೂನು, ದಂಗೆಯೆದ್ದರೆಂದು ಹೇಳಿ ಜಮೀನು ಜಪ್ತಿ ಮಾಡಲು ದಾರಿಮಾಡಿತು. 1865ರಲ್ಲಿ ಬಂದ ಭೂ ನ್ಯಾಯಾಲಯ ಕುಲದ ಒಟ್ಟು ನೆಲವನ್ನು ಹೆಸರು ಹೆಸರಿಗೆ ಹಂಚಿ ಮಾರಾಟಕ್ಕೆ ಸುಲಭ ಮಾಡಿತು. 1877ರಲ್ಲಿ ನ್ಯಾಯಾಧೀಶರೊಬ್ಬರು ಒಪ್ಪಂದಕ್ಕೆ ಬೆಲೆಯೇ ಇಲ್ಲವೆಂದರು. 1975ರಲ್ಲಿ 79ರ ಹರೆಯದ ವಿನಾ ಕೂಪರ್ ನೆಲಕ್ಕಾಗಿ ಉತ್ತರದ ತುದಿಯಿಂದ ವೆಲಿಂಗ್ಟನ್‌ವರೆಗಿನ ನಡಿಗೆಯ ಮುಂದಾಳಾದರು. ಅದೇ ವರ್ಷ ವೈತಾಂಗಿ ನ್ಯಾಯಮಂಡಳಿ ಹುಟ್ಟಿತು. 1840ರಿಂದಲೇ ಆದ ಅನ್ಯಾಯಗಳನ್ನು ವಿಚಾರಿಸುವ ಅಧಿಕಾರ ಅದಕ್ಕೆ 1985ರಲ್ಲಿ ಸಿಕ್ಕಿತು. 1840ರ ಫೆಬ್ರವರಿಯಲ್ಲಿ ಸಹಿ ಹಾಕಿದ ಮುಖಂಡರು ಸಾರ್ವಭೌಮತ್ವ ಬಿಟ್ಟುಕೊಟ್ಟಿರಲಿಲ್ಲ ಎಂದು ಅದು 2014ರಲ್ಲಿ ಹೇಳಿತು. ಹಾಗೆಂದು ಜಗಳ ಮುಗಿಯಲಿಲ್ಲ. ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸುವ ಮಸೂದೆ 2024ರಲ್ಲಿ ಬಂತು, ಸಾವಿರಾರು ಜನ ಬೀದಿಗಿಳಿದರು. 2025ರ ಏಪ್ರಿಲ್‌ನಲ್ಲಿ ಸಂಸತ್ತು ಅದನ್ನು 112–11 ಮತಗಳಿಂದ ತಳ್ಳಿಹಾಕಿತು.

ಸಹಿ ಹಾಕಿದವರಿಗೆ ಅರ್ಥವಾದ ಭಾಷೆಯ ಪಠ್ಯವೇ ನಿಜವಾದ ಒಪ್ಪಂದ ಎಂಬುದು ನನ್ನ ತೀರ್ಮಾನ. ಮಾವ ತೀರಿಕೊಂಡು ಬಹಳ ವರುಷವಾಯಿತು. ಈಗಲೂ ಯಾರಾದರೂ ಕಾಗದ ತಂದರೆ, ಅವರು ಏನು ಕಳೆದುಕೊಳ್ಳುತ್ತಾರೆ ಎಂಬ ಸಾಲನ್ನೇ ಮೊದಲು ಓದಿ ಹೇಳುತ್ತೇನೆ. ಹೆದರಿದರೆ ಹೆದರಲಿ.