ಆವೃತ್ತಿಸಂಖ್ಯೆಯ ಪ್ರಾಮಾಣ್ಯ

ಶಾಸನವೊಂದರ ಸಂಖ್ಯೆಯನ್ನು ಉಲ್ಲೇಖಿಸುವಾಗ ಅದು ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ್ದೋ, 1972ರಿಂದ ಮೈಸೂರು ವಿಶ್ವವಿದ್ಯಾನಿಲಯವು ಹೊರತಂದ ಪರಿಷ್ಕೃತ ಸಂಪುಟಗಳದ್ದೋ ಎಂದು ಹೇಳದಿದ್ದರೆ ಓದುಗನು ಬೇರೊಂದು ಶಾಸನವನ್ನು ಮುಟ್ಟಬಹುದು. ಕಾವೂರಿನ ಸುತ್ತಮುತ್ತ ತಂತ್ರಾಂಶದ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕಾಡುವ ತೊಡಕೂ ಇದೇ ಜಾತಿಯದು: ಯಂತ್ರವು ತಾನಾಗಿ ಕೊಡುವ ಆವೃತ್ತಿಸಂಖ್ಯೆ ತಪ್ಪುವುದು. ಆದುದರಿಂದ ಅದು ಇತಿಹಾಸಕಾರನ ವಿಮರ್ಶೆಗೂ ಒಳಪಡತಕ್ಕದ್ದು.

2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ 'ಗಿಟ್' ವ್ಯವಸ್ಥೆಯು ತಂತ್ರಾಂಶದ ಮೂಲಪಾಠದಲ್ಲಾದ ತಿದ್ದುಪಡಿಗಳನ್ನು ಅನುಕ್ರಮವಾಗಿ ದಾಖಲಿಸುತ್ತದೆ. ಬಿಡುಗಡೆಯ ಘಟ್ಟಕ್ಕೆ ಕರ್ತೃಗಳು 'ಟ್ಯಾಗ್' ಎಂಬ ಗುರುತನ್ನು ಹಾಕುವರು. 'ಗಿಟ್ ಡಿಸ್ಕ್ರೈಬ್' ಆಜ್ಞೆಯು ಹಿಂದಿನ ಸಮೀಪದ ಗುರುತು, ಅಲ್ಲಿಂದೀಚಿನ ತಿದ್ದುಪಡಿಗಳ ಎಣಿಕೆ, ಕೊನೆಯ ತಿದ್ದುಪಡಿಯ ಸಂಕೇತ ಇವನ್ನು ಜೋಡಿಸಿ ಹೆಸರಿಡುತ್ತದೆ. ವಿಧಾನವು ನಿರ್ದುಷ್ಟವಾದುದು, ದೋಷವಿರುವುದು ಆಕರದಲ್ಲಿ. ತಂತ್ರಾಂಶವನ್ನು ಯಂತ್ರವೇ ಸಿದ್ಧಪಡಿಸುವ 'ಗಿಟ್‌ಹಬ್ ಆಕ್ಷನ್ಸ್'ನಲ್ಲಿ 'ಚೆಕ್‌ಔಟ್' ಕ್ರಿಯೆಯು, ಬೇರೆ ಅಪ್ಪಣೆಯಿಲ್ಲದಿದ್ದರೆ, ಕೊನೆಯ ಒಂದೇ ತಿದ್ದುಪಡಿಯನ್ನು ತರುತ್ತದೆ. ಹಳೆಯ ಗುರುತುಗಳೂ ಪೂರ್ವಚರಿತ್ರೆಯೂ ಬರುವುದಿಲ್ಲ. ಓಲೆಗರಿಯ ಕಟ್ಟಿನಿಂದ ಒಂದೇ ಗರಿಯನ್ನು ಕೊಟ್ಟು ಗ್ರಂಥದ ಕಾಲವನ್ನು ಕೇಳಿದಂತಾಯಿತು! ಅಲ್ಲದೆ, ಟಿಪ್ಪಣಿಯಿಲ್ಲದ ಹಗುರ ಗುರುತುಗಳನ್ನು ಈ ಆಜ್ಞೆಯು ವಿಶೇಷವಾಗಿ ಹೇಳದ ಹೊರತು ಗಣಿಸದು.

ಗುರುತೇ ಕಾಣದಾಗ 'ಡಿಸ್ಕ್ರೈಬ್' ಹೆಸರಿಲ್ಲವೆಂದು ನಿಂತುಬಿಡುತ್ತದೆ, ಅದು ಪ್ರಾಮಾಣಿಕತೆ. ಪೈಥಾನ್ ಭಾಷೆಯವರ 'ಸೆಟಪ್‌ಟೂಲ್ಸ್-ಎಸ್‌ಸಿಎಂ' ಹಾಗಲ್ಲ. ಎಚ್ಚರಿಕೆಯ ಮಾತೊಂದನ್ನು ಉಸುರಿ, 0.1ರಿಂದ ಮೊದಲಾಗುವ ಸಂಖ್ಯೆಯನ್ನು ಊಹಿಸಿ ಮುಂದುವರಿಯುತ್ತದೆ. 3.2ರ ಪಾಠವು 0.1 ಎಂದು ಹೊರಬಿದ್ದರೆ ಅದು ಕೂಟಶಾಸನಕ್ಕಿಂತ ಕಡಿಮೆ ಅಪಾಯದ್ದಲ್ಲ.

ಸಂಖ್ಯೆಯನ್ನು ಕೈಯಿಂದಲೇ ಬರೆದಿಡಬಹುದೆಂಬ ವಾದವನ್ನು ನಾನು ಒಪ್ಪಲಾರೆ. ಆಗ ಸಂಖ್ಯೆಗೂ ದಾಖಲೆಗೂ ಇರುವ ನಂಟೇ ಕಡಿಯುತ್ತದೆ. 'ಫೆಚ್-ಡೆಪ್ತ್' ಎಂಬುದನ್ನು 0 ಎಂದಿರಿಸಿ ಇಡೀ ಚರಿತ್ರೆಯನ್ನು ತರಿಸಬೇಕು. ಆಗಲೂ ಗುರುತು ದೊರೆಯದಿದ್ದರೆ ಬಿಡುಗಡೆಯನ್ನು ತಡೆಹಿಡಿಯಬೇಕು.